ಇಂಗಾಲದ ನ್ಯಾನೊನಳಿಕೆಗಳೂ ಅರ್ಬುದಪರೀಕ್ಷೆಯೂ

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ಜೇಮ್ಸ್ ರಸ್ಲಿಂಗ್ ಅವರೂ ಅವರ ಸಹೋದ್ಯೋಗಿಗಳೂ ೨೦೦೬ನೆಯ ಇಸವಿಯಲ್ಲಿ ಅಲ್ಲಿನ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರದಲ್ಲಿ ಆಗಾಗ ಉದಾಹೃತವಾಗುವಂತಹುದು. ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತವನ್ನು ಸೇರುವ ಪಿ.ಎಸ್.ಎ. ಎಂಬ ಪ್ರೋಟೀನನ್ನು ವಿದ್ಯುತ್ಪ್ರವಾಹದ ಮೂಲಕ ಅಳೆಯುವುದು ಅದರ ವಿಷಯ.

ಉಪಾಯವು ಚಮತ್ಕಾರವಾಗಿದೆ. ಗ್ರಾಫೈಟಿನ ವಿದ್ಯುದ್ದ್ವಾರದ ಮೇಲೆ ಇಂಗಾಲದ ನ್ಯಾನೊನಳಿಕೆಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಕರ್ತೃಗಳು ಅದನ್ನು ಅರಣ್ಯವೆನ್ನುತ್ತಾರೆ. ನಾಟಿಯ ಪೈರೆಂದಿದ್ದರೆ ಇನ್ನೂ ಒಪ್ಪುತ್ತಿತ್ತು. ಇವಕ್ಕೆ ಸೇರಿಸಿದ ಪ್ರತಿಕಾಯಗಳು ಪಿ.ಎಸ್.ಎ.ಯನ್ನು ಹಿಡಿದ ಬಳಿಕ ಎರಡನೆಯ ಪ್ರತಿಕಾಯಗಳು ಬಂದು ಅದಕ್ಕೆ ಅಂಟುವುವು. ಈ ಎರಡನೆಯವನ್ನು ಹೊತ್ತ ನಳಿಕೆಯು ಪೆರಾಕ್ಸಿಡೇಸ್ ಕಿಣ್ವದ ಅನೇಕ ಅಣುಗಳನ್ನೂ ಹೊತ್ತಿರುವುದರಿಂದ, ಹೈಡ್ರೊಜನ್ ಪೆರಾಕ್ಸೈಡನ್ನು ಬೆರಸಿದೊಡನೆ ಪ್ರವಾಹವು ಬಹುವಾಗಿ ವೃದ್ಧಿಯಾಗುವುದು. ನೀರು ಬೆರಸದ ಕರುವಿನ ರಕ್ತರಸದ ಕೇವಲ ೧೦ ಮೈಕ್ರೊಲೀಟರಿನಲ್ಲಿ, ಮಿಲಿಲೀಟರಿಗೆ ೪ ಪಿಕೊಗ್ರಾಂ ಪ್ರಮಾಣದ ಪಿ.ಎಸ್.ಎ. ಪತ್ತೆಯಾಯಿತು. ರೋಗಿಗಳ ರಕ್ತರಸದಲ್ಲಿಯೂ ಫಲಗಳು ರೂಢಿಯ ಎಲೈಸಾ ಪರೀಕ್ಷೆಗೆ ಹೊಂದಿದುವು. ನಿರ್ಮಲವಾದ ದ್ರಾವಣದಲ್ಲಿ ಪರೀಕ್ಷಿಸಿ ಅಷ್ಟಕ್ಕೇ ತೃಪ್ತವಾಗುವ ಪ್ರಬಂಧಗಳ ನಡುವೆ ಇದು ಅಲ್ಪಗುಣವಲ್ಲ.

ಹೀಗಿದ್ದರೂ ಒಂದು ಶಂಕೆಯು ಉಳಿಯುತ್ತದೆ. ವೈದ್ಯರು ಬಹುಕಾಲ ಗಡಿಯೆಂದು ಹಿಡಿದದ್ದು ಮಿಲಿಲೀಟರಿಗೆ ೪ ನ್ಯಾನೊಗ್ರಾಂ. ಅದರ ಸಾವಿರದಲ್ಲೊಂದು ಪಾಲನ್ನು ಕಾಣಬಲ್ಲ ಉಪಕರಣದಿಂದ ರೋಗನಿರ್ಣಯಕ್ಕೆ ಏನು ಪ್ರಯೋಜನ? ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೋಧನೆಯಲ್ಲಿ, ಈ ಗಡಿಯನ್ನು ಮೀರದಿದ್ದ ೨೯೫೦ ಪುರುಷರ ಪೈಕಿ ೪೪೯ ಮಂದಿಯಲ್ಲಿ ಅರ್ಬುದವು ಕಂಡಿತು. ಅತ್ತ, ವಯಸ್ಸಿನಿಂದ ನಿರಪಾಯವಾಗಿ ಹಿಗ್ಗಿದ ಗ್ರಂಥಿಯೂ ಪಿ.ಎಸ್.ಎ.ಯನ್ನು ಏರಿಸುವುದು. ಸೂಚಕವೇ ಸಂದಿಗ್ಧವಾಗಿರುವಾಗ ಅಳತೆಯ ಸೂಕ್ಷ್ಮತೆಯು ಸಂದೇಹವನ್ನು ಕಳೆಯಲಾರದು. ಇದರ ದಂಡವನ್ನು ತೆರುವವನು ರೋಗಿ: ಅನಾವಶ್ಯಕವಾದ ಶಸ್ತ್ರಚಿಕಿತ್ಸೆ, ಅದರಿಂದ ಮೂತ್ರದ ಮೇಲಿನ ಹಿಡಿತ ತಪ್ಪುವುದು. ೨೦೧೨ರಲ್ಲಿ ಅಮೆರಿಕದ ರೋಗನಿವಾರಣಾ ಸಲಹಾಮಂಡಲಿಯು ಈ ಪರೀಕ್ಷೆಯನ್ನು ಸಾಮೂಹಿಕವಾಗಿ ನಡಸಬಾರದೆಂದಿತು. ೨೦೧೮ರಲ್ಲಿ ೫೫ರಿಂದ ೬೯ ವರ್ಷದವರ ವಿಷಯದಲ್ಲಿ ನಿರ್ಧಾರವನ್ನು ಆಯಾ ವ್ಯಕ್ತಿಗೆ ಬಿಟ್ಟಿತು.

ಗ್ರಂಥಿಯನ್ನು ತೆಗೆದುಹಾಕಿದ ಮೇಲೆ ಮಾತ್ರ ವಿಷಯವು ಬೇರೆ. ಆಗ ರಕ್ತದಲ್ಲಿ ಪಿ.ಎಸ್.ಎ. ಇಲ್ಲವೆನ್ನುವಷ್ಟಾಗಬೇಕು, ೦.೨ ನ್ಯಾನೊಗ್ರಾಮಿಗೆ ಏರಿದರೆ ರೋಗವು ಮರಳಿತೆಂದು ಶಂಕಿಸುತ್ತಾರೆ. ಇಲ್ಲಿ ಸೂಕ್ಷ್ಮತೆಗೆ ಅರ್ಥವಿದೆ. ಆದರೆ ಆಸ್ಪತ್ರೆಗಳ ಪ್ರಯೋಗಶಾಲೆಗಳೂ ೦.೧ರ ಕೆಳಗೆ ಅಳೆಯಬಲ್ಲವು. ಇದೇ ತಂಡವು ೨೦೦೯ರಲ್ಲಿ ಪಿ.ಎಸ್.ಎ.ಯೊಡನೆ ಇನ್ನು ಮೂರು ಪ್ರೋಟೀನುಗಳನ್ನು ಏಕಕಾಲದಲ್ಲಿ ಅಳೆದು ತೋರಿಸಿದ ಪ್ರಬಂಧವು, ಸೂಕ್ಷ್ಮತೆಯ ಅಂಕಿಗಿಂತ ಸೂಚಕಗಳ ಆಯ್ಕೆಯ ಕಡೆಗೆ ದೃಷ್ಟಿಯನ್ನು ತಿರುಗಿಸಿದ್ದರಿಂದ, ಮೊದಲಿನದಕ್ಕಿಂತ ಹೆಚ್ಚು ಗಮನಕ್ಕೆ ಯೋಗ್ಯವಾಗಿದೆ.