ಮಾಗಿಯಲ್ಲಿ ಹುಲ್ಲಿಗೆ ರಜೆ, ಕೈತೋಟಕ್ಕಲ್ಲ

ಕಾರ್ತಿಕ ಮುಗಿಯುತ್ತ ಬಂತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇನ್ನೊಂದೆರಡು ದಿನ ಜಿಟಿಜಿಟಿ ಹಿಡಿದೀತು. ಆಮೇಲೆ ಬೆಂಗಳೂರಿಗೆ ಒಣ ಚಳಿ. ಈ ವಾರ ಹುಲ್ಲುಹಾಸಿನ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಹೇಳಬೇಕಾದ್ದು ಸ್ವಲ್ಪವೇ. ನಮ್ಮ ಗರಿಕೆ ಜಾತಿಯ ಬರ್ಮುಡಾ ಆಗಲಿ, ಮೆಕ್ಸಿಕನ್ ಹುಲ್ಲಾಗಲಿ, ಎರಡೂ ಸೆಕೆಯಲ್ಲಿ ಹಬ್ಬುವಂಥವು. ರಾತ್ರಿ 15–16 ಡಿಗ್ರಿಗೆ ಇಳಿಯಿತೆಂದರೆ ಬೆಳವಣಿಗೆ ಮಂದ. ಯೂರಿಯಾ ನಿಲ್ಲಿಸಿ, ಕತ್ತರಿಸುವ ಯಂತ್ರದ ಅಲಗನ್ನು ತುಸು ಮೇಲೇರಿಸಿ, ನೀರನ್ನು ಬೆಳಿಗ್ಗೆ ಮಾತ್ರ ಕೊಡಿ. ಸಂಜೆ ಹಾಕಿದ ನೀರು ಇರುಳಿಡೀ ಎಲೆಯ ಮೇಲೇ ನಿಂತರೆ ಶಿಲೀಂಧ್ರ ಕಟ್ಟಿಟ್ಟದ್ದು. ಹುಲ್ಲಿನ ಕೆಲಸ ಇಷ್ಟೇ.

ನನ್ನ ತಕರಾರು ‘ವಿಂಟರೈಸಿಂಗ್’ ಎಂಬ ಹೊಸ ಪಂಥದವರ ಜೊತೆ. ಚಳಿದೇಶದ ವಿಡಿಯೊ ನೋಡಿ ಮಡಿಗಳನ್ನು ಖಾಲಿ ಮಾಡಿ, ಗಿಡಕ್ಕೆಲ್ಲ ಬಟ್ಟೆ ಸುತ್ತಿ ಕೂರುತ್ತಾರೆ. ಅಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಡೇಲಿಯಾ ಗೆಡ್ಡೆ ಕಿತ್ತು ಒಳಗಿಡುತ್ತಾರೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಡೇಲಿಯಾ ಅರಳುವುದೇ ಮಾಗಿಯಲ್ಲಿ! ಸೇವಂತಿಗೆಗೂ ಇದೇ ಸುಗ್ಗಿ. ಈಗ ಸವರಿದ ಗುಲಾಬಿ ಆರೇಳು ವಾರಕ್ಕೆ, ಸಂಕ್ರಾಂತಿಯ ಹೊತ್ತಿಗೆ, ಹೂ ಕೊಡುತ್ತದೆ.

ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದ ಕೃಂಬಿಗಲ್ ಅವರಿಗೆ ಆ ಚಳಿ ಹೊಸದಲ್ಲ. ಆದರೂ 1908ರಲ್ಲಿ ಬೆಂಗಳೂರಿಗೆ ಬಂದವರು ತಮ್ಮೂರಿನ ಪಂಚಾಂಗವನ್ನು ಇಲ್ಲಿ ಹೇರಲಿಲ್ಲ. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಬೀದಿಗೆ ಮರ ಆರಿಸಿದರು. ಈ ನೆಲದ ಹವೆಯನ್ನು ಓದಿದವರ ಕೆಲಸ ಅದು. ನಮ್ಮ ಕೈತೋಟಗಳಿಗೆ ಬೇಕಾದದ್ದು ಆ ಓದು.

ಹುಲ್ಲಿಗಿಂತ ದೊಡ್ಡ ಮಾತು ತರಗೆಲೆಯದು. ಇನ್ನೇನು ಬಾದಾಮಿ ಮರದ ಎಲೆ ಕೆಂಪೇರಿ ಉದುರತೊಡಗುತ್ತದೆ. ಬೇಸಿಗೆಯ ಮೊದಲು ಹೊಂಗೆಯದೂ ಬರುತ್ತದೆ. ಗುಡಿಸಿ, ಮೂಲೆಯಲ್ಲಿ ರಾಶಿ ಹಾಕಿ ಬೆಂಕಿ ಇಡುವ ಚಾಳಿ ಮಾತ್ರ ಹೋಗಿಲ್ಲ. 2016ರ ಘನತ್ಯಾಜ್ಯ ನಿಯಮಗಳೇ ಇದನ್ನು ನಿಷೇಧಿಸಿದವು. ಚಳಿಗಾಲದ ಮುಂಜಾವಿನಲ್ಲಿ ಹೊಗೆ ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯ ಉಬ್ಬಸದವರನ್ನು ಕೇಳಿ ನೋಡಿ.

ಅದೇ ಎಲೆ ಗಿಡದ ಬುಡಕ್ಕೆ ಹೊದಿಕೆಯಾಗಲಿ. ಚಳಿದೇಶದಲ್ಲಿ ಹೊದಿಕೆ ಹಿಮಕ್ಕಾಗಿ; ಇಲ್ಲಿ ಮೂಡಣದ ಒಣಗಾಳಿಗೆ ಮಣ್ಣಿನ ಪಸೆ ಆರದಿರಲೆಂದು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದಪ್ಪ ಹರಡಿ. ಮಿಕ್ಕದ್ದನ್ನು ಗುಂಡಿಗೆ ಹಾಕಿ. ಒಣ ಎಲೆಯಲ್ಲಿ ಸಾರಜನಕ ಕಡಿಮೆ, ತಾನಾಗಿ ಬೇಗ ಕೊಳೆಯದು. ಪದರಕ್ಕೊಮ್ಮೆ ಸೆಗಣಿ ಬಗ್ಗಡ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡು, ಆಗಾಗ ಮಗುಚಿ. ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧ.

ಎಲೆ ಸುಡುವವರು ನಿಮ್ಮ ಬೀದಿಯಲ್ಲಿದ್ದರೆ ಜಗಳ ಬೇಡ, ಒಂದು ಚೀಲ ಹಿಡಿದು ಹೋಗಿ ಆ ಎಲೆಯನ್ನು ಕೇಳಿ ತನ್ನಿ.