ತೆರೆಯ ಮೇಲಿನ ಸಾಕ್ಷಿ

1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ಬಂದ ದೂರದರ್ಶನವು ಬೇಸಾಯ, ಆರೋಗ್ಯಗಳ ಪಾಠ ಹೇಳಿತು. ಇಂದು ಕಲಬುರಗಿ, ಕಮಲಾಪುರಗಳ ಮನೆಗಳಲ್ಲಿ ಕ್ರೈಸ್ತ ವಾಹಿನಿಗಳ ‘ಸಾಕ್ಷಿ’ಯನ್ನೂ ಕನ್ನಡದಲ್ಲೇ ಕೇಳಬಹುದು. ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ ಇರುವ ಜಪಾನಿನಲ್ಲೂ ಇಂಥ ಆತ್ಮಕಥನಗಳು ಬಿತ್ತರವಾಗಿವೆ. ನಾನು ಕಂಡ ಕನ್ನಡ ಸಾಕ್ಷಿಗಳ ಅಚ್ಚು ಬಹುಮಟ್ಟಿಗೆ ಒಂದೇ: ಕುಡಿತವೋ ಕಾಯಿಲೆಯೋ, ಬಳಿಕ ಪ್ರಾರ್ಥನೆ, ಕೂಡಲೇ ಬೆಳಕು. ಹೇಳುವವರ ಕಣ್ಣೀರು ನಿಜವೆಂದೇ ನಂಬುತ್ತೇನೆ. ಆದರೆ ಕುಡಿತ ಬಿಟ್ಟ ಮರುವಾರ ಮನೆ ಹೇಗಿತ್ತು? ಹೆಂಡತಿ ನಂಬಿದಳೆ? ಅಷ್ಟರಲ್ಲಿ ವಾದ್ಯ ಮೊಳಗಿ ಕಥೆಯೇ ಮುಗಿದಿರುತ್ತದೆ! ಈ ಪ್ರಕಾರದ ಹಿರಿಯನಾದ ಅಗಸ್ಟೀನನು, ಕ್ರಿ.ಶ. 386ರಲ್ಲಿ ಮನಸ್ಸು ತಿರುಗಿ ಹತ್ತು ವರ್ಷ ಕಳೆದ ಮೇಲೆ ಬರೆದ ‘ಕನ್ಫೆಷನ್ಸ್’ನ ಹತ್ತನೆಯ ಭಾಗದಲ್ಲಿ, ಇನ್ನೂ ತನ್ನನ್ನು ಕಾಡುತ್ತಿದ್ದ ಆಸೆಗಳನ್ನು ಒಪ್ಪಿಕೊಂಡಿದ್ದಾನೆ. ನಮ್ಮ ಬಸವಣ್ಣನವರೂ ಮನಸ್ಸಿನ ಚಾಂಚಲ್ಯವನ್ನು ಮುಚ್ಚಿಡಲಿಲ್ಲ.