ದೋಷವೋ ನಷ್ಟವೋ: ಕೋಸಗಿಯ ನೆಲೆಯಿಂದ ಪರಿಹಾರ ಬೋಧನೆಯ ಒಂದು ಓದು

‘ಪರಿಹಾರ ಬೋಧನೆ’ ಎಂಬ ಮಾತು ಸುತ್ತೋಲೆಗಳಲ್ಲಿ ಸವೆದು ಸವೆದು ತನ್ನ ಅರ್ಥವನ್ನೇ ಮರೆಸಿದೆ. ಕನ್ನಡದಲ್ಲಿ ‘ಪರಿಹಾರ’ಕ್ಕೆ ಎರಡು ಜೊತೆಪದಗಳಿವೆ. ಒಂದು ದೋಷ: ಗ್ರಹದೋಷಕ್ಕೆ, ನಾಗದೋಷಕ್ಕೆ ಪರಿಹಾರ. ಇನ್ನೊಂದು ನಷ್ಟ: ಬರಕ್ಕೆ, ಬೆಳೆಹಾನಿಗೆ, ಮುಳುಗಡೆಗೆ ಪರಿಹಾರ. ಮೊದಲನೆಯದರಲ್ಲಿ ಕೊರತೆ ವ್ಯಕ್ತಿಯ ಹಣೆಗೆ ಅಂಟಿದ್ದು. ಎರಡನೆಯದರಲ್ಲಿ ಹೊಣೆ ವ್ಯವಸ್ಥೆಯದು. ಕೋಸಗಿ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕನ್ನಡ ಮನೆಮಾತಿನ ವಿದ್ಯಾರ್ಥಿ ಪದವಿ ಕಾಲೇಜಿಗೆ ಬಂದಾಗ ಅವನಿಗೆ ಒದಗುವ ಪರಿಹಾರ ಯಾವ ಬಗೆಯದು? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ಮಿನಾ ಶಾನೆಸಿಯ ‘ಎರರ್ಸ್ ಆಂಡ್ ಎಕ್ಸ್‌ಪೆಕ್ಟೇಶನ್ಸ್’ (1977) ಕೃತಿಯನ್ನು ಮರಳಿ ಓದುವುದು ಈ ಲೇಖನದ ಉದ್ದೇಶ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ರಾಜ್ಯ ಬದಲಾಯಿತು. 2019ರಲ್ಲಿ ಮಹಬೂಬನಗರದಿಂದ ಬೇರ್ಪಟ್ಟು ನಾರಾಯಣಪೇಟೆ ಜಿಲ್ಲೆಯಾಯಿತು. ಗಡಿಗಳು ಇಷ್ಟು ಸಲ ಸರಿದರೂ ಮನೆಮಾತು ಸರಿಯಲಿಲ್ಲ. ಸರಿದದ್ದು ಶಾಲೆಯ ಭಾಷೆ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣದ ಸೌಲಭ್ಯವನ್ನು ಬಯಸುವುದು ಪ್ರಾಥಮಿಕ ಹಂತದ ಮಟ್ಟಿಗೆ ಮಾತ್ರ. ತೆಲಂಗಾಣವು 2018ರ ಕಾಯಿದೆಯಿಂದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. 2022–23ರಿಂದ ಸರಕಾರಿ ಶಾಲೆಗಳಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನು ತಂದಿತು. ಇವುಗಳಲ್ಲಿ ಯಾವುದನ್ನೂ ತಪ್ಪೆಂದು ಸಾರುವುದು ಇಲ್ಲಿಯ ಇಂಗಿತವಲ್ಲ. ತೆಲುಗು ಆ ನೆಲದ ಆಡಳಿತಭಾಷೆ, ಇಂಗ್ಲಿಷ್ ಪಾಲಕರೇ ಬಯಸುವ ಭಾಷೆ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು–ಉರ್ದು, ಪದವಿ ತರಗತಿಯಲ್ಲಿ ಇಂಗ್ಲಿಷ್ ಎಂಬ ಮೂರು ಪದರಗಳ ನಡುವಿನ ದಾರಿಯನ್ನು ವಿದ್ಯಾರ್ಥಿ ಒಬ್ಬನೇ ನಡೆಯಬೇಕೆಂಬುದು ಈ ಎಲ್ಲ ನಿರ್ಧಾರಗಳ ಒಟ್ಟು ಫಲ.

ಉನ್ನತ ಶಿಕ್ಷಣ ಈ ನಡಿಗೆಯನ್ನು ಗುರುತಿಸಿದೆಯೆ? ವಿಶ್ವವಿದ್ಯಾಲಯ ಅನುದಾನ ಆಯೋಗವು ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಪರಿಹಾರ ಬೋಧನೆಗೆ ಅನುದಾನ ಕೊಟ್ಟಿತು. ಭಾಷಾಸಾಮರ್ಥ್ಯದ ವೃದ್ಧಿಯೂ ಅದರ ಗುರಿಗಳಲ್ಲೊಂದು. ಯೋಜನೆಯ ಹಿಂದಿನ ಸಾಮಾಜಿಕ ನ್ಯಾಯದ ಕಾಳಜಿ ಪ್ರಶ್ನಾತೀತ. ಆದರೆ ಅದು ವಿದ್ಯಾರ್ಥಿಯನ್ನು ವರ್ಗದಿಂದ ಗುರುತಿಸುತ್ತದೆ, ಅವನು ನಡೆದುಬಂದ ಭಾಷಾಮಾರ್ಗದಿಂದಲ್ಲ. ‘ಅಲ್ಪಸಂಖ್ಯಾತ’ ಎಂಬ ಪದಕ್ಕೂ 1992ರ ಕಾಯಿದೆಯ ಬಳಿಕ ಆಡಳಿತದಲ್ಲಿ ಧಾರ್ಮಿಕ ಅರ್ಥವೇ ರೂಢಿಯಾಗಿದೆ. ಸಂವಿಧಾನದ 30ನೆಯ ವಿಧಿಯಲ್ಲಿ ಧರ್ಮದ ಜೊತೆಗೇ ನಿಂತಿರುವ ‘ಭಾಷೆ’ ಹಿಂದೆ ಸರಿದಿದೆ. ಹೀಗಾಗಿ ಕನ್ನಡದ ಹುಡುಗಿ ಪರಿಹಾರ ತರಗತಿಯಲ್ಲಿ ಕುಳಿತರೂ ಅವಳ ಕನ್ನಡ ಆ ತರಗತಿಯ ಹೊರಗೇ ಉಳಿಯುತ್ತದೆ.

ಶಾನೆಸಿಯ ಕೃತಿ ಪ್ರಸ್ತುತವಾಗುವುದು ಇಲ್ಲಿ. 1970ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ನಗರದ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದಾಗ, ಸಿಟಿ ಕಾಲೇಜಿಗೆ ಬಂದವರ ಬರವಣಿಗೆಯನ್ನು ಕಂಡು ಅಧ್ಯಾಪಕರು ಕಂಗೆಟ್ಟರು. ಶಾನೆಸಿ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಎದುರಿಗಿಟ್ಟುಕೊಂಡು, ಸಾಹಿತ್ಯ ವಿಮರ್ಶಕಿ ಕಠಿಣ ಪಠ್ಯವನ್ನು ಓದುವ ತಾಳ್ಮೆಯಿಂದ ತಪ್ಪುಗಳನ್ನು ಓದಿದರು. ಅವರ ತೀರ್ಮಾನ ಸರಳ: ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಅವುಗಳಿಗೊಂದು ತರ್ಕವಿದೆ, ಆ ತರ್ಕವನ್ನು ಅರಿಯುವುದು ಅಧ್ಯಾಪಕನ ಕೆಲಸ.

ಈ ವಿಧಾನವನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಬಹುದು. ‘ನಾನು ಬರುತ್ತೇನೆ ಎಂದು ಅವನು ಹೇಳಿದ’ ಎಂಬ ಕನ್ನಡ ವಾಕ್ಯ ಇಂಗ್ಲಿಷಿಗೆ ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದು ಇಳಿಯುವುದು ಸಹಜ. ಸರ್ವನಾಮದ ತಪ್ಪೆಂದು ಕೆಂಪು ಗೆರೆ ಬೀಳುವಲ್ಲಿ ಕೆಲಸ ಮಾಡಿರುವುದು ‘ಎಂದು’ ಎಂಬ ಅವ್ಯಯದ ನಿಯಮ. ತೆಲುಗಿನ ‘ಅನಿ’ಯೂ ಹಾಗೆಯೇ. ಅಂದರೆ ಈ ತೊಡಕು ಕನ್ನಡ–ತೆಲುಗು ವಿದ್ಯಾರ್ಥಿಗಳಿಬ್ಬರಿಗೂ ಸಮಾನ, ಒಟ್ಟಿಗೇ ಕಲಿಸಬಹುದು. ತೆಲುಗು ಬರವಣಿಗೆಗೆ ಬಂದರೆ ದಾರಿಗಳು ಕವಲೊಡೆಯುತ್ತವೆ. ಕನ್ನಡದ ಒಂದೇ ‘ನಾವು’ ತೆಲುಗಿನಲ್ಲಿ ಕೇಳುಗನನ್ನು ಒಳಗೊಳ್ಳುವ ‘ಮನಂ’, ಹೊರಗಿಡುವ ‘ಮೇಮು’ ಎಂದು ಎರಡಾಗುತ್ತದೆ. ಕನ್ನಡದಲ್ಲಿ ಅಕ್ಕ ‘ಬಂದಳು’, ಹಸು ‘ಬಂತು’; ತೆಲುಗಿನಲ್ಲಿ ಎರಡಕ್ಕೂ ‘ವಚ್ಚಿಂದಿ’. ‘ಅವಸರ’ ಕನ್ನಡದಲ್ಲಿ ತ್ವರೆ, ತೆಲುಗಿನಲ್ಲಿ ಅಗತ್ಯ. ‘ಶಿಕ್ಷಣ’ ನಮಗೆ ವಿದ್ಯಾಭ್ಯಾಸ, ಅವರಿಗೆ ತರಬೇತಿ. ಪ್ರಶ್ನೆಪತ್ರಿಕೆಯಲ್ಲಿ ಇಂಥ ಒಂದು ಪದವನ್ನು ಕನ್ನಡದ ಕಿವಿಯಿಂದ ಓದಿದರೆ ಇಡೀ ಉತ್ತರ ದಿಕ್ಕು ತಪ್ಪಬಹುದು. ಅದನ್ನು ವಿಷಯಜ್ಞಾನದ ಕೊರತೆಯೆಂದು ಎಣಿಸುವ ಪರೀಕ್ಷೆ ಅಳೆಯುವುದು ಬೇರೇನನ್ನೋ.

ಈ ದೃಷ್ಟಿ ನಮಗೆ ಹೊಸದಲ್ಲ. ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ದೋಷದ ಜೊತೆಗೆ ಅದೋಷವನ್ನೂ ನಿರ್ಣಯಿಸಬೇಕೆಂಬ ಎಚ್ಚರ ಅಲ್ಲಿದೆ. ದೇಸಿಗಳು ಬೇರೆ ಬೇರೆಯಾದ್ದರಿಂದ ಕನ್ನಡಗಳಲ್ಲಿ ದೋಷವಿಷ್ಟೇ ಎಂದು ನಿಶ್ಚಯಿಸಲು ವಾಸುಕಿಯೂ ಸೋಲುತ್ತಾನೆ ಎಂಬ ಅರ್ಥದ ಮಾತನ್ನು ಶ್ರೀವಿಜಯ ಆಡಿದ್ದು ಗೋದಾವರಿಯವರೆಗಿನ ನಾಡನ್ನು ಕಣ್ಣಮುಂದಿಟ್ಟುಕೊಂಡು. ಕೋಸಗಿ ಆ ನಾಡಿನ ಒಳಗಿನ ಊರು.

ಆದರೂ ಶಾನೆಸಿಯನ್ನು ಇಡಿಯಾಗಿ ಒಪ್ಪುವಂತಿಲ್ಲ. ತಪ್ಪಿನ ತರ್ಕವನ್ನು ಕಂಡ ಅವರು, ವಿದ್ಯಾರ್ಥಿ ತಲುಪಬೇಕಾದ ಭಾಷೆಯನ್ನು ಮಾತ್ರ ಪ್ರಶ್ನಿಸಲಿಲ್ಲ. ಭಾಷೆಯನ್ನು ಅರ್ಥ ಸಾಗಿಸುವ ಮುಗ್ಧ ವಾಹನವೆಂದು ಭಾವಿಸಿದ್ದೇ ಅವರ ಮಿತಿಯೆಂದು ಮಿನ್-ಜಾನ್ ಲೂ 1991ರಲ್ಲಿ ವಾದಿಸಿದರು. ಚೀನಾದಲ್ಲಿ ಬೆಳೆದು ಮನೆಯ ಇಂಗ್ಲಿಷಿಗೂ ಶಾಲೆಯ ಚೀನೀಗೂ ನಡುವೆ ತೊಳಲಿದ ಲೂ ಅವರ ಆಕ್ಷೇಪ ಗಡಿಯವರಿಗೆ ಬೇಗ ಅರ್ಥವಾಗುವಂಥದು. ಭಾಷೆ ಬದಲಿಸುವಾಗ ಬದಲಾಗುವುದು ಪದಗಳಷ್ಟೇ ಅಲ್ಲ, ನಿಲುವೂ ಹೌದು.

ಅಮೆರಿಕದ ಸಮುದಾಯ ಕಾಲೇಜುಗಳು ಈಚೆಗೆ ಹಿಡಿದ ದಾರಿಯನ್ನೂ ಇಲ್ಲಿಟ್ಟು ನೋಡಬೇಕು. ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿ ಸಮುದಾಯ ಕಾಲೇಜು 2007ರಲ್ಲಿ, ಪರಿಹಾರ ತರಗತಿಗೆ ಹೋಗಬೇಕಿದ್ದವರನ್ನು ನೇರವಾಗಿ ಮೊದಲ ವರ್ಷದ ಬರವಣಿಗೆಯ ತರಗತಿಗೆ ಸೇರಿಸಿ, ಅದೇ ಅಧ್ಯಾಪಕರಿಂದ ಜೊತೆಗೊಂದು ಸಣ್ಣ ಗುಂಪಿನ ತರಗತಿ ನಡೆಸಿತು. 2015ರಲ್ಲಿ ಟೆನೆಸಿಯ ಸಮುದಾಯ ಕಾಲೇಜುಗಳು ಇಂಥ ಸಹಪಾಠ ಕ್ರಮವನ್ನು ರಾಜ್ಯವ್ಯಾಪಿಯಾಗಿ ತಂದವು. ಕ್ಯಾಲಿಫೋರ್ನಿಯಾದ 2017ರ ಕಾಯಿದೆ ಪ್ರೌಢಶಾಲೆಯ ಸಾಧನೆಯನ್ನು ಪ್ರವೇಶ ನಿರ್ಧಾರದ ಆಧಾರವಾಗಿಸಿತು. ತಿರುಳು ಒಂದೇ: ಹೊಸ್ತಿಲಲ್ಲಿ ತಡೆದು ಸಿದ್ಧಗೊಳಿಸಬೇಡಿ, ಒಳಗೆ ಕರೆದು ಆಸರೆ ಕೊಡಿ. ಈ ಮಾದರಿಯಲ್ಲಿಯೂ ಆಸರೆಯ ಭಾಷೆ ಗುರಿಯ ಭಾಷೆಯೇ. ನಮ್ಮಲ್ಲಿ ತಿದ್ದಬೇಕಾದ ಅಂಶ ಇದು.

ಹಾಗಾದರೆ ಮರುವಿನ್ಯಾಸ ಹೇಗಿರಬೇಕು? ಪ್ರವೇಶದ ವೇಳೆ ವಿದ್ಯಾರ್ಥಿಯ ಮನೆಮಾತನ್ನೂ ಶಾಲಾಮಾಧ್ಯಮವನ್ನೂ ದಾಖಲಿಸಬೇಕು. ಪರಿಹಾರ ತರಗತಿ ಸಂಜೆಯ ಹೆಚ್ಚುವರಿ ಹೊರೆಯಾಗದೆ ಮೂಲ ಪಾಠದ ಪಕ್ಕದಲ್ಲಿಯೇ ನಡೆಯಬೇಕು. ಅಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವ, ಮೊದಲ ಕರಡನ್ನು ಕನ್ನಡದಲ್ಲಿ ಬರೆಯುವ ಅವಕಾಶವಿರಬೇಕು. ಕನ್ನಡ–ತೆಲುಗು–ಇಂಗ್ಲಿಷ್ ತೌಲನಿಕ ವ್ಯಾಕರಣದ ಕೈಪಿಡಿಯೊಂದನ್ನು ಈ ಸೀಮೆಯ ಬರವಣಿಗೆಯನ್ನೇ ಆಧರಿಸಿ ಸಿದ್ಧಪಡಿಸಬೇಕು. ತರಗತಿಗೆ ನಾಲ್ಕೈದು ಮಂದಿ ಕನ್ನಡಿಗರಿಗಾಗಿ ಇಷ್ಟು ಏರ್ಪಾಡೇ ಎಂಬ ಆಕ್ಷೇಪ ಬರಬಹುದು. ‘ಎಂದು’–‘ಅನಿ’ಯ ಉದಾಹರಣೆ ತೋರುವಂತೆ ಕೈಪಿಡಿಯ ಗಣನೀಯ ಭಾಗ ತೆಲುಗು ವಿದ್ಯಾರ್ಥಿಗಳಿಗೂ ಬಳಕೆಯಾಗುತ್ತದೆ; ಉಳಿದ ಭಾಗ ಕನ್ನಡಿಗರಿಗೆ ಬೇರೆಲ್ಲೂ ಸಿಗದಂಥದು.

ಇಂಥ ಕೈಪಿಡಿಯನ್ನು ರಾಜ್ಯ ಸರಕಾರ ತಾನಾಗಿ ಬರೆಸುವುದೆಂದು ಕಾಯುವುದು ವ್ಯರ್ಥ. ಗಡಿಯ ಕನ್ನಡದ ಶಾಸನ, ಜಾನಪದಗಳನ್ನು ನಾವು ಶ್ರದ್ಧೆಯಿಂದ ಸಂಗ್ರಹಿಸಿದ್ದೇವೆ. ಅದೇ ಗಡಿಯ ಹುಡುಗ ಹುಡುಗಿಯರ ಉತ್ತರಪತ್ರಿಕೆಗಳು ಇನ್ನೂ ನಮ್ಮ ಅಧ್ಯಯನದ ಆಕರಗಳಾಗಿಲ್ಲ. ಅವು ಆಕರಗಳಾಗುವ ದಿನ ಪರಿಹಾರ ಬೋಧನೆ ದೋಷದಿಂದ ಬಿಡಿಸಿಕೊಂಡು ನಷ್ಟದ ಲೆಕ್ಕಕ್ಕೆ ಬರುತ್ತದೆ.